ನೆನಪಿನ ಕೋಣೆಯ ಬೀಗದ ಕೈ

ಲಾಸ್ ಏಂಜಲೀಸ್ ನಗರದ ಹೆದ್ದಾರಿಗಳಲ್ಲಿ ಸಾಗುವಾಗ ತಲೆಯ ಮೇಲಿನ ಹಸಿರು ಫಲಕಗಳಲ್ಲಿ ಕೆಲವು ಹೆಸರುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಟೊಪಾಂಗಾ, ಕಹುವೆಂಗಾ, ಟುಹುಂಗಾ, ಕುಕಮಾಂಗಾ. ಮಗಳ ಸಂಸಾರ ಆ ಕಡೆ ನೆಲೆಸಿರುವುದರಿಂದ ನಿವೃತ್ತಿಯ ನಂತರ ಎರಡು ಮೂರು ಬಾರಿ ಅಲ್ಲಿಗೆ ಹೋಗಿ ಬಂದಿದ್ದೇನೆ. ಸುತ್ತಮುತ್ತ ಸಾಂತಾ ಮೋನಿಕಾ, ಸಾನ್ ಪೆಡ್ರೊ ಮುಂತಾದ ಊರುಗಳೇ ತುಂಬಿರುವುದರಿಂದ ಇವೂ ಸ್ಪ್ಯಾನಿಷ್ ಹೆಸರುಗಳೇ ಇರಬೇಕೆಂದು ಮೊದಲ ಸಲ ಭಾವಿಸಿದ್ದೆ. ನನ್ನ ಊಹೆ ತಪ್ಪಾಗಿತ್ತು. ಕೊನೆಯಲ್ಲಿ ಬರುವ ಆ ‘ಂಗಾ’ ಟೊಂಗ್ವಾ ಎಂಬ ಮೂಲನಿವಾಸಿ ಜನರ ಭಾಷೆಯ ಪ್ರತ್ಯಯ. ನಮ್ಮ ಸಪ್ತಮಿ ವಿಭಕ್ತಿಯ ‘ಅಲ್ಲಿ’ ಇದ್ದಹಾಗೆ ಅದು ಸ್ಥಳವನ್ನು ಸೂಚಿಸುತ್ತದೆ. ಟುಹುಂಗಾ ಎಂದರೆ ಮುದುಕಿಯ ನೆಲೆ ಎಂದು ಅರ್ಥ ಹೇಳುತ್ತಾರೆ. ದಿನವೂ ಲಕ್ಷಾಂತರ ಜನ ಆ ವಿಭಕ್ತಿಯನ್ನು ಉಚ್ಚರಿಸುತ್ತಾರೆ. ಅದು ಯಾವ ಭಾಷೆಯದು, ಯಾರದು ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು.

ಆ ಭಾಷೆಯನ್ನು ತಾಯಿಯ ಬಾಯಿಂದ ಕೇಳಿ ಕಲಿತವರು ಇಂದು ಯಾರೂ ಉಳಿದಿಲ್ಲ. ಆದರೆ ಆ ಜನ ಉಳಿದಿದ್ದಾರೆ. ಅದೇ ನಗರದಲ್ಲಿ, ಅದೇ ಬೀದಿಗಳಲ್ಲಿ, ಶಿಕ್ಷಕರಾಗಿ, ಕಾರ್ಮಿಕರಾಗಿ, ಕಲಾವಿದರಾಗಿ ಬದುಕುತ್ತಿದ್ದಾರೆ. ಭಾಷೆ ಮಾತ್ರ ಕಾಗದದ ಮೇಲೆ, ಗ್ರಂಥಾಲಯಗಳ ಪೆಟ್ಟಿಗೆಗಳಲ್ಲಿ ಉಳಿದಿದೆ. ಜನ ಒಂದು ಕಡೆ, ಅವರ ನೆನಪು ಇನ್ನೊಂದು ಕಡೆ. ನಡುವೆ ಒಂದು ಬೀಗ ಹಾಕಿದ ಬಾಗಿಲು. ಮೂಲನಿವಾಸಿಗಳ ಸಂಸ್ಕೃತಿಯನ್ನು ಕಾಪಾಡಲು ಹಿರಿಯರ ಹೆಸರಿನಲ್ಲಿ ಸ್ಮಾರಕ ಗ್ರಂಥಾಲಯಗಳನ್ನು ಕಟ್ಟುವ ಪ್ರಯತ್ನಗಳು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಡೆದಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಜೀವನದ ಬಹುಪಾಲನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನನ್ನಂಥವನಿಗೆ ಆ ಬೀಗದ ಪ್ರಶ್ನೆ ಬಹಳ ಪರಿಚಿತವಾದದ್ದು.

ನಗರದ ಅಡಿಯಲ್ಲೊಂದು ನಾಡು

ಟೊಂಗ್ವಾ ಜನರು ತಮ್ಮ ನಾಡನ್ನು ತೋವಾಂಗಾರ್ ಎಂದು ಕರೆಯುತ್ತಿದ್ದರು. ಅವರ ಪಾಲಿಗೆ ಆ ಮಾತಿಗೆ ‘ಜಗತ್ತು’ ಎಂದೇ ಅರ್ಥ. ಇಂದಿನ ಲಾಸ್ ಏಂಜಲೀಸ್ ಬಯಲು ಸೀಮೆ ಮತ್ತು ಕಡಲಾಚೆಯ ಕೆಲವು ದ್ವೀಪಗಳು ಸೇರಿ ಆ ಜಗತ್ತು. ಯೂರೋಪಿಯನ್ನರು ಬರುವ ವೇಳೆಗೆ ಅವರ ಸಂಖ್ಯೆ ಸುಮಾರು 5,000 ಇದ್ದಿರಬಹುದೆಂದು ವಿದ್ವಾಂಸರು ಅಂದಾಜಿಸುತ್ತಾರೆ. ಹಲಗೆಗಳನ್ನು ನಾರಿನಿಂದ ಹೊಲಿದು, ಸಂದುಗಳಿಗೆ ನೆಲದಿಂದ ಉಕ್ಕುವ ಡಾಂಬರು ಮೆತ್ತಿ ಅವರು ದೋಣಿ ಕಟ್ಟುತ್ತಿದ್ದರು. ಆ ದೋಣಿಗಳಲ್ಲಿ ದ್ವೀಪಗಳಿಗೆ ವ್ಯಾಪಾರಕ್ಕೆ ಹೋಗಿ ಬರುತ್ತಿದ್ದರು.

1771ರಲ್ಲಿ ಸ್ಪೇನಿನ ಪಾದ್ರಿಗಳು ಅಲ್ಲಿ ಸಾನ್ ಗೇಬ್ರಿಯಲ್ ಮಿಷನ್ ಸ್ಥಾಪಿಸಿದರು. ‘ಗೇಬ್ರಿಯಲಿನೊ’ ಎಂದು ಈ ಜನರಿಗೆ ಹೊರಗಿನವರು ಇಟ್ಟ ಹೆಸರು ಬಂದದ್ದು ಅಲ್ಲಿಂದಲೇ. ಹತ್ತು ವರ್ಷಗಳ ನಂತರ, 1781ರಲ್ಲಿ, ಯಾಂಗಾ ಎಂಬ ಅವರ ದೊಡ್ಡ ಊರಿನ ಪಕ್ಕದಲ್ಲೇ ಲಾಸ್ ಏಂಜಲೀಸ್ ಹುಟ್ಟಿತು. 1785ರಲ್ಲಿ ತೋಯ್‌ಪುರಿನಾ ಎಂಬ ತರುಣ ವೈದ್ಯೆ ಸುತ್ತಲ ಹಳ್ಳಿಗಳ ಜನರನ್ನು ಒಗ್ಗೂಡಿಸಿ ಮಿಷನ್ ವಿರುದ್ಧ ದಂಗೆಗೆ ಸಜ್ಜಾದಳು. ಸುದ್ದಿ ಮೊದಲೇ ಸೋರಿ ಸೈನಿಕರು ಕಾದು ಕುಳಿತಿದ್ದರು. ವಿಚಾರಣೆ ನಡೆಯಿತು, ಆಕೆಯನ್ನು ಉತ್ತರಕ್ಕೆ ಗಡೀಪಾರು ಮಾಡಲಾಯಿತು. ಆಕೆ ತನ್ನ ನಾಡಿಗೆ ಮರಳಲಿಲ್ಲ, 1799ರಲ್ಲಿ ತೀರಿಕೊಂಡಳು. ಆಕೆಯ ಕತೆ ನಮಗೆ ತಿಳಿದಿರುವುದೂ ಆಕೆಯನ್ನು ವಿಚಾರಣೆ ಮಾಡಿದವರ ದಾಖಲೆಗಳಿಂದಲೇ.

ಮುಂದಿನದು ಕ್ಯಾಲಿಫೋರ್ನಿಯಾದ ಎಲ್ಲ ಮೂಲನಿವಾಸಿಗಳ ಕತೆ. ರೋಗ, ಬಲವಂತದ ದುಡಿಮೆ, ಅಮೆರಿಕದ ಆಳ್ವಿಕೆ ಬಂದ ಮೇಲೆ ನೇರ ಹತ್ಯಾಕಾಂಡ. 1846ರಲ್ಲಿ ಸುಮಾರು 1,50,000 ಇದ್ದ ರಾಜ್ಯದ ಮೂಲನಿವಾಸಿಗಳು 1870ರ ವೇಳೆಗೆ ಸುಮಾರು 30,000ಕ್ಕೆ ಇಳಿದಿದ್ದರೆಂದು ಇತಿಹಾಸಕಾರರ ಅಂದಾಜು. 1850ರಲ್ಲಿ ಆ ರಾಜ್ಯ ಮಾಡಿದ ಒಂದು ಕಾನೂನಿನ ಹೆಸರಿನಲ್ಲಿ ಇಂಡಿಯನ್ನರ ‘ರಕ್ಷಣೆ’ ಎಂಬ ಪದವಿತ್ತು. ಅಲೆಮಾರಿಗಳೆಂದು ಅವರನ್ನು ಹಿಡಿದು, ದುಡಿಮೆಗಾಗಿ ಹರಾಜು ಹಾಕಲು ಅದೇ ಕಾನೂನು ಅವಕಾಶ ಕೊಟ್ಟಿತ್ತು. ಕಾಯಿದೆಗಳ ಶೀರ್ಷಿಕೆಯನ್ನು ಮಾತ್ರ ಓದಿ ಸುಮ್ಮನಾಗಬಾರದೆಂಬುದು ಆಡಳಿತದಲ್ಲಿದ್ದವರಿಗೆ ಬೇಗ ತಿಳಿಯುವ ಪಾಠ.

ಬರೆದವರು ಯಾರು, ಬರೆದದ್ದು ಏನು?

ಟೊಂಗ್ವಾ ಜನರ ಬಗೆಗಿನ ದಾಖಲೆಗಳಿಗೆ ಕೊರತೆಯಿಲ್ಲ ಎಂಬುದು ಈ ಕತೆಯ ವಿಚಿತ್ರ. ಮಿಷನ್ನಿನ ಪಾದ್ರಿಗಳು ಒಳ್ಳೆಯ ಗುಮಾಸ್ತರೂ ಆಗಿದ್ದರು. ದೀಕ್ಷಾಸ್ನಾನ, ಮದುವೆ, ಮರಣ ಎಲ್ಲವನ್ನೂ ವಹಿಯಲ್ಲಿ ಬರೆದಿಟ್ಟರು. ದೀಕ್ಷೆಯ ದಿನ ಮಗುವಿಗೆ ಮರಿಯಾ ಎಂದೋ ಹೋಸೆ ಎಂದೋ ಸ್ಪ್ಯಾನಿಷ್ ಹೆಸರಿಟ್ಟು ಹುಟ್ಟುಹೆಸರನ್ನು ಹಿಂದಕ್ಕೆ ಸರಿಸಿದರು. ಆದರೆ ಅದೇ ಸಾಲಿನಲ್ಲಿ ಅದು ಯಾವ ಹಳ್ಳಿಯದೆಂದೂ ಬರೆದರು. ಹೆಸರನ್ನು ಅಳಿಸಿದ ಕೈಯೇ ಊರನ್ನು ಉಳಿಸಿತು. ಇಂದು ಆ ವಂಶಸ್ಥರು ತಮ್ಮ ಮುತ್ತಜ್ಜಿ ಯಾವ ಊರಿನವಳೆಂದು ಹುಡುಕುವುದು ಆ ಒಂದು ಪದದ ಆಧಾರದಿಂದಲೇ.

ಎರಡನೆಯ ದಾಖಲೆ ನಮ್ಮಂಥ ಪತ್ರಿಕಾ ಓದುಗರಿಗೆ ವಿಶೇಷ ಆಸಕ್ತಿಯದು. ಹ್ಯೂಗೊ ರೀಡ್ ಎಂಬ ಸ್ಕಾಟ್ಲೆಂಡಿನ ವಲಸಿಗ 1852ರಲ್ಲಿ ‘ಲಾಸ್ ಏಂಜಲೀಸ್ ಸ್ಟಾರ್’ ಪತ್ರಿಕೆಗೆ ಆ ಜಿಲ್ಲೆಯ ಇಂಡಿಯನ್ನರ ಬಗ್ಗೆ 22 ಪತ್ರಗಳನ್ನು ಬರೆದ. ಅವರ ನುಡಿ, ನಂಬಿಕೆ, ಆಹಾರ, ಮದುವೆ, ಮಿಷನ್ನಿನಲ್ಲಿ ಅವರು ಅನುಭವಿಸಿದ್ದು ಎಲ್ಲವೂ ಅದರಲ್ಲಿವೆ. ಪತ್ರಗಳ ಕೆಳಗಿನ ರುಜು ರೀಡನದು. ಆದರೆ ಅವನ ಹೆಂಡತಿ ವಿಕ್ಟೋರಿಯಾ ಮಿಷನ್ನಿನಲ್ಲಿ ಬೆಳೆದ ಅದೇ ಕುಲದ ಹೆಣ್ಣು. ಆ ಬಾಂಧವ್ಯವಿಲ್ಲದೆ ಪರದೇಶದ ವರ್ತಕನಿಗೆ ಅಷ್ಟು ಒಳಗಿನ ಸಂಗತಿಗಳು ತಿಳಿಯುವುದು ಸಾಧ್ಯವಿರಲಿಲ್ಲ. ರೀಡ್ ಅದೇ ವರ್ಷದ ಕೊನೆಗೆ ತೀರಿಕೊಂಡ. ವಿಕ್ಟೋರಿಯಾ 1868ರಲ್ಲಿ ಸಿಡುಬಿಗೆ ಬಲಿಯಾದಳು.

ಮೂರನೆಯದು, ಈ ಜನರ ಹೆಸರಿನ ಕತೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಸಿ. ಹಾರ್ಟ್ ಮೆರಿಯಮ್ ಎಂಬ ಪ್ರಾಣಿಶಾಸ್ತ್ರಜ್ಞ ನಾರ್ಸಿಸಾ ಹಿಗೇರಾ ಎಂಬ ಮಹಿಳೆಯ ಬಳಿ ಕುಳಿತು ಪದಗಳನ್ನು ಬರೆದುಕೊಂಡ. ಆಕೆ ನೆಲೆಸಿದ್ದುದು ತನ್ನ ಪೂರ್ವಿಕರ ಕಡಲತೀರದಿಂದ ದೂರ, ಬೇಕರ್ಸ್‌ಫೀಲ್ಡ್ ಕಡೆಯಲ್ಲಿ. ಆಕೆಯಿಂದ ಅವನು ಬರೆದುಕೊಂಡ ಪದ ‘ಟೊಂಗ್ವಾ’. ಆ ಒಂದು ಟಿಪ್ಪಣಿ ಇಂದು ಉದ್ಯಾನಗಳ ಮೇಲೆ, ಪಠ್ಯಪುಸ್ತಕಗಳಲ್ಲಿ, ಶಾಸನಸಭೆಯ ನಿರ್ಣಯದಲ್ಲಿ ಬಂದು ಕುಳಿತಿದೆ. ಅದು ಒಂದು ಊರಿನ ಹೆಸರಷ್ಟೇ, ತಮ್ಮ ನಿಜವಾದ ಹೆಸರು ‘ಕೀಚ್’ ಎಂದು ವಾದಿಸುವ ಗುಂಪೂ ಆ ಸಮುದಾಯದಲ್ಲಿದೆ. ತಮ್ಮನ್ನು ತಾವು ಏನೆಂದು ಕರೆದುಕೊಳ್ಳಬೇಕು ಎಂಬುದಕ್ಕೂ ಹೊರಗಿನವರ ಟಿಪ್ಪಣಿ ಪುಸ್ತಕವನ್ನು ತೆರೆಯಬೇಕಾದ ಸ್ಥಿತಿಯನ್ನು ಊಹಿಸಿಕೊಳ್ಳಿ. ಗ್ರಂಥಾಲಯ ಎಂಬುದು ಇವರಿಗೆ ಬಿಡುವಿನ ವೇಳೆಯ ಸಂಗತಿಯಲ್ಲ ಎಂಬುದು ಆಗ ಅರ್ಥವಾಗುತ್ತದೆ.

ಇವರೆಲ್ಲರನ್ನೂ ಮೀರಿಸಿದವನು ಜಾನ್ ಪೀಬಾಡಿ ಹ್ಯಾರಿಂಗ್ಟನ್. 1884ರಲ್ಲಿ ಹುಟ್ಟಿ 1961ರಲ್ಲಿ ತೀರಿಕೊಂಡ ಈತ 1915ರಿಂದ ಸುಮಾರು ನಾಲ್ಕು ದಶಕ ಅಮೆರಿಕ ಸರ್ಕಾರದ ಜನಾಂಗ ಅಧ್ಯಯನ ವಿಭಾಗದ ನೌಕರ. ಸಾಯುತ್ತಿರುವ ಭಾಷೆಗಳ ಕೊನೆಯ ಮಾತುಗಾರರನ್ನು ಹುಡುಕಿಕೊಂಡು ಹೋಗಿ ಬರೆದುಕೊಳ್ಳುವುದೇ ಅವನ ಜೀವನ. ಟೊಂಗ್ವಾ ನಾಡಿನ ಸ್ಥಳನಾಮಗಳನ್ನು ಹೋಸೆ ಸಾಲ್ವಿದೆಯಾ ಎಂಬ ಹಿರಿಯನಿಂದ ಸಂಗ್ರಹಿಸಿದ. ಸಂಸಾರ ಬಿಟ್ಟ, ನಿದ್ದೆ ಬಿಟ್ಟ. ಅವನೊಡನೆ ಬಾಳಿದ ಹೆಂಡತಿ ಕರೋಬೆತ್ ಲೇರ್ಡ್ 1975ರಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕದಲ್ಲಿ ಅವನ ಆ ಹುಚ್ಚನ್ನು ವಿವರಿಸಿದ್ದಾಳೆ. ಸಂಗ್ರಹಿಸಿದ್ದನ್ನು ಸಹೋದ್ಯೋಗಿಗಳಿಗೆ ತೋರಿಸಲೂ ಅವನಿಗೆ ಮನಸ್ಸಿರಲಿಲ್ಲ, ಪ್ರಕಟಿಸಿದ್ದು ಅತ್ಯಲ್ಪ. ಅವನು ಸತ್ತ ಮೇಲೆ ಅಲ್ಲಲ್ಲಿ ಬಚ್ಚಿಟ್ಟ ಪೆಟ್ಟಿಗೆಗಳು ಒಂದೊಂದಾಗಿ ಹೊರಬಂದವು. ಒಟ್ಟು ಸುಮಾರು ಹತ್ತು ಲಕ್ಷ ಪುಟಗಳೆಂದು ಅಂದಾಜು. ಇಂದು ಅವು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಮಾನವಶಾಸ್ತ್ರ ದಾಖಲಾಗಾರದಲ್ಲಿವೆ.

ಹ್ಯಾರಿಂಗ್ಟನ್‌ನನ್ನು ಹೊಗಳಬೇಕೋ ದೂರಬೇಕೋ ಎಂದು ಹೇಳುವುದು ಸುಲಭವಲ್ಲ. ಅವನಿಲ್ಲದಿದ್ದರೆ ಎಷ್ಟೋ ಭಾಷೆಗಳ ಒಂದು ಪದವೂ ಉಳಿಯುತ್ತಿರಲಿಲ್ಲ. ಆದರೆ ಯಾರ ಅಜ್ಜಿ ಆ ಪದಗಳನ್ನು ಹೇಳಿದಳೋ ಆಕೆಯ ಮೊಮ್ಮಕ್ಕಳಿಗೆ ಅವು ದಶಕಗಳ ಕಾಲ ದಕ್ಕಲಿಲ್ಲ. ಅರ್ಥಶಾಸ್ತ್ರದಲ್ಲಿ ಸಂಚಯ ಮತ್ತು ಪ್ರವಾಹ ಎಂಬ ಎರಡು ಪರಿಕಲ್ಪನೆಗಳಿವೆ. ಕೆರೆಯಲ್ಲಿ ನಿಂತ ನೀರು ಸಂಚಯ. ತೂಬಿನಿಂದ ಗದ್ದೆಗೆ ಹರಿಯುವುದು ಪ್ರವಾಹ. ಹ್ಯಾರಿಂಗ್ಟನ್ ದೊಡ್ಡ ಕೆರೆಯನ್ನೇ ಕಟ್ಟಿದ. ತೂಬು ಇಡಲು ಮರೆತ.

ದಾಖಲೆ ಇಲ್ಲದವರು

ಬೀಗ ಹಾಕುವ ಕೆಲಸವನ್ನು ಸರ್ಕಾರವೂ ಮಾಡಿತ್ತು. 1851–52ರಲ್ಲಿ ಅಮೆರಿಕದ ಪ್ರತಿನಿಧಿಗಳು ಕ್ಯಾಲಿಫೋರ್ನಿಯಾದ ಅನೇಕ ಬುಡಕಟ್ಟುಗಳ ಮುಖ್ಯಸ್ಥರೊಡನೆ 18 ಒಪ್ಪಂದಗಳಿಗೆ ಸಹಿ ಹಾಕಿಸಿದರು. ತಮ್ಮ ನಾಡನ್ನು ಬಿಟ್ಟುಕೊಟ್ಟರೆ ಮೀಸಲು ಭೂಮಿ ಕೊಡುವುದಾಗಿ ಅವುಗಳಲ್ಲಿ ಮಾತಿತ್ತು. 1852ರ ಜುಲೈಯಲ್ಲಿ ಸೆನೆಟ್ ಅವನ್ನು ಅನುಮೋದಿಸಲು ನಿರಾಕರಿಸಿತು, ಮಾತ್ರವಲ್ಲ, ಗೋಪ್ಯವಾಗಿಟ್ಟಿತು. ಆ ಗೋಪ್ಯತೆಯನ್ನು ತೆಗೆದದ್ದು 1905ರಲ್ಲಿ. 53 ವರ್ಷಗಳ ಕಾಲ ಆ ಕಾಗದ ಸುಭದ್ರವಾಗಿತ್ತು. ಒಂದು ಪುಟವೂ ಕಳೆದಿರಲಿಲ್ಲ. ಅಷ್ಟರಲ್ಲಿ ಸಹಿ ಹಾಕಿದವರ ಪೀಳಿಗೆಯೇ ಹೆಚ್ಚುಕಡಿಮೆ ಮುಗಿದಿತ್ತು. ಒಂದು ಕಡತವನ್ನು ಅತ್ಯಂತ ಜೋಪಾನವಾಗಿ ಇಟ್ಟುಕೊಂಡೇ ಒಂದು ಜನರನ್ನು ಹೇಗೆ ನಿರ್ಗತಿಕರನ್ನಾಗಿ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಇದರ ಪರಿಣಾಮ ಇಂದಿಗೂ ಮುಗಿದಿಲ್ಲ. 1994ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಗೇಬ್ರಿಯಲಿನೊ-ಟೊಂಗ್ವಾ ಜನರನ್ನು ಲಾಸ್ ಏಂಜಲೀಸ್ ಪ್ರದೇಶದ ಮೂಲ ಬುಡಕಟ್ಟೆಂದು ನಿರ್ಣಯದ ಮೂಲಕ ಮಾನ್ಯ ಮಾಡಿತು. ಆದರೆ ಒಕ್ಕೂಟ ಸರ್ಕಾರದ ಮನ್ನಣೆ ಇವರಿಗಿಲ್ಲ. ಅದಿಲ್ಲದೆ ಮೀಸಲು ಭೂಮಿಯಿಲ್ಲ, ಬುಡಕಟ್ಟು ಸರ್ಕಾರವಾಗಿ ಮಾತುಕತೆಗೆ ಕೂರುವ ಸ್ಥಾನವೂ ಇಲ್ಲ. ಆಡಳಿತದ ಮೂಲಕ ಆ ಮನ್ನಣೆ ಬೇಕಾದರೆ ತಾವು ಒಂದು ಸಮುದಾಯವಾಗಿ ನಿರಂತರವಾಗಿ ಬದುಕಿ ಬಂದಿದ್ದೇವೆ, ತಮಗೆ ತಮ್ಮದೇ ಮುಖಂಡತ್ವ ಇತ್ತು, ತಮ್ಮ ವಂಶ ಇಂಥವರದು ಎಂದು ಸಾಬೀತುಪಡಿಸಬೇಕು. ಅದಕ್ಕೆ ಕಾಗದ ಬೇಕು. ಚದುರಿಹೋಗುವಂತೆ ಮಾಡಿದವರೇ ಒಟ್ಟಿಗಿದ್ದುದಕ್ಕೆ ಪುರಾವೆ ಕೇಳುತ್ತಾರೆ.

ಪುರಾವೆಯ ಈ ಮಾತು ಬಂದಾಗ ನನಗೆ ನನ್ನದೇ ಒಂದು ಅನುಭವ ನೆನಪಾಗುತ್ತದೆ. 1980ರ ದಶಕದ ಕೊನೆ. ಸೇವೆಗೆ ಸೇರಿದ ಹೊಸತರಲ್ಲಿ ಕಾಡಂಚಿನ ಒಂದು ತಾಲ್ಲೂಕಿನಲ್ಲಿದ್ದೆ. ಹಾಡಿಯೊಂದರಿಂದ ಒಬ್ಬ ಮುದುಕರು ಕಚೇರಿಗೆ ಬಂದು ಬಾಗಿಲ ಹೊರಗೇ ನಿಂತು ಕೇಳಿದರು: ‘ಸ್ವಾಮಿ, ನಮ್ಮಪ್ಪ ಇದ್ದ ಜಾಗ ನಿಮ್ಮ ಪುಸ್ತಕದಾಗೆ ಬರ್ದೈತಂತೆ. ಒಂದ್ಸಲ ಓದಿ ಹೇಳ್ತೀರಾ?’ ರೆಕಾರ್ಡ್ ರೂಮಿನಿಂದ ಬಟ್ಟೆಯಲ್ಲಿ ಕಟ್ಟಿದ ಗಂಟು ತರಿಸಿ, ಧೂಳು ಕೊಡವಿ, ಹಳೆಯ ಸರ್ವೆಯ ಪುಟ ಹುಡುಕಿಸಿದೆ. ಷರಾ ಕಾಲಂನಲ್ಲಿ ‘ಕಾಡು ಜನರ ಗುಡಿಸಲುಗಳಿವೆ’ ಎಂದಷ್ಟೇ ಇತ್ತು. ಯಾರ ಹೆಸರೂ ಇರಲಿಲ್ಲ. ಓದಿ ಹೇಳಿದೆ. ಇನ್ನೊಮ್ಮೆ ಓದಲು ಹೇಳಿದರು. ಓದಿದೆ. ‘ಅಷ್ಟೇನಾ ಸ್ವಾಮಿ?’ ಎಂದು ಕೇಳಿ, ಸ್ವಲ್ಪ ಹೊತ್ತು ನಿಂತು, ಹೊರಟುಹೋದರು. ನಾನು ನಿಯಮದ ಪ್ರಕಾರವೇ ನಡೆದುಕೊಂಡಿದ್ದೆ. ಆ ಮುದುಕರಿಗೆ ತಮ್ಮ ತಂದೆಯ ಹೆಸರು, ಅಜ್ಜನ ಹೆಸರು, ಕಾಡಿನ ಪ್ರತಿ ಮರದ ಹೆಸರು ಗೊತ್ತಿತ್ತು. ಅವರನ್ನು ಕೂರಿಸಿ ಅದನ್ನು ಬರೆದುಕೊಳ್ಳಬಹುದಿತ್ತು. ಹಾಗೆ ಬರೆದುಕೊಳ್ಳಲು ನಮ್ಮಲ್ಲಿ ಯಾವ ನಮೂನೆಯೂ ಇರಲಿಲ್ಲ. ನನಗೆ ಹೊಳೆಯಲೂ ಇಲ್ಲ.

ಬಾಗಿಲು ತೆರೆದಾಗ

ಕ್ಯಾಲಿಫೋರ್ನಿಯಾದಲ್ಲಿ ಕಳೆದ ಕೆಲವು ದಶಕಗಳಲ್ಲಿ ಈ ಬೀಗ ನಿಧಾನವಾಗಿ ತೆರೆಯುತ್ತಿದೆ. ತಮ್ಮ ಭಾಷೆಗಳ ಉಳಿವಿಗಾಗಿ ಅಲ್ಲಿನ ಮೂಲನಿವಾಸಿಗಳು 1992ರಲ್ಲಿ ಒಂದು ಸಂಘಟನೆ ಕಟ್ಟಿದರು. ಮಾತುಗಾರರೇ ಉಳಿದಿಲ್ಲದ ಭಾಷೆಗಳ ವಾರಸುದಾರರಿಗಾಗಿ ಆ ಸಂಘಟನೆ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞೆ ಲಿಯಾನ್ ಹಿಂಟನ್ ಸೇರಿ 1990ರ ದಶಕದಲ್ಲಿ ಒಂದು ಕಮ್ಮಟವನ್ನು ಆರಂಭಿಸಿದರು. ‘ಜೀವದ ಉಸಿರು’ ಎಂದು ಅದರ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ವಾರಸುದಾರರು ವಿಶ್ವವಿದ್ಯಾಲಯದ ದಾಖಲಾಗಾರದಲ್ಲಿ ಕುಳಿತು, ಒಬ್ಬ ಭಾಷಾಶಾಸ್ತ್ರಜ್ಞರ ನೆರವಿನಿಂದ, ತಮ್ಮ ಅಜ್ಜ ಅಜ್ಜಿಯರು ಹೇಳಿ ಬರೆಸಿದ ಟಿಪ್ಪಣಿಗಳನ್ನು ಓದಲು ಕಲಿಯುತ್ತಾರೆ. ಬರೆದುಕೊಂಡವನಿಗೆ ಅದು ಧ್ವನಿಶಾಸ್ತ್ರದ ಮಾದರಿ. ಓದುವವಳಿಗೆ ಅದು ಮನೆಯ ಹಿರಿಯಳ ದನಿ.

ಟೊಂಗ್ವಾ ಭಾಷೆಯ ಮಟ್ಟಿಗೆ ಈ ಕೆಲಸಕ್ಕೆ ನೆರವಾದವರು ಲಾಸ್ ಏಂಜಲೀಸಿನ ಭಾಷಾಶಾಸ್ತ್ರಜ್ಞೆ ಪಮೇಲಾ ಮನ್ರೊ. ಹ್ಯಾರಿಂಗ್ಟನ್ ಮತ್ತು ಇತರರ ಟಿಪ್ಪಣಿಗಳನ್ನು ಹೋಲಿಸಿ, ಸೋದರ ಭಾಷೆಗಳ ವ್ಯಾಕರಣದ ಬೆಳಕಿನಲ್ಲಿ ಪದಗಳ ರೂಪವನ್ನು ನಿರ್ಧರಿಸಿ, ಅವರು ನಿಘಂಟು ಕಟ್ಟಿದರು. 2004ರಿಂದ ಸಾನ್ ಪೆಡ್ರೊದಲ್ಲಿ ತಿಂಗಳಿಗೊಮ್ಮೆ ಸಮುದಾಯದವರಿಗಾಗಿ ತರಗತಿ ನಡೆಸುತ್ತ ಬಂದರು. ಸಮುದಾಯದ ಭಾಷಾ ಸಮಿತಿಯೊಡನೆ 2008ರಲ್ಲಿ ತಂದ ಪುಸ್ತಕದ ಶೀರ್ಷಿಕೆಯ ಅರ್ಥ ‘ಈಗ ನೀವು ನಮ್ಮ ಭಾಷೆ ಆಡುತ್ತಿದ್ದೀರಿ’ ಎಂದು. ತಿಂಗಳಿಗೊಂದು ತರಗತಿಯಿಂದ ಭಾಷೆ ಬದುಕುತ್ತದೆಯೇ ಎಂದು ಕೇಳಬಹುದು. ಮನೆಮಾತಾಗಿ ಬದುಕುವುದು ಕಷ್ಟವೇ. ಆದರೆ ಪ್ರಾರ್ಥನೆಗೆ, ಹಾಡಿಗೆ, ಮಗುವಿಗೆ ಹೆಸರಿಡಲಿಕ್ಕೆ, ಸತ್ತವರನ್ನು ಕಳಿಸಿಕೊಡಲಿಕ್ಕೆ ತಮ್ಮದೇ ಮಾತು ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸವಿದೆ.

ದೋಣಿಯ ಕತೆಯೂ ಹೀಗೆಯೇ. ಹಲಗೆ ಹೊಲಿದು ಕಟ್ಟುವ ಆ ವಿದ್ಯೆ ಕೈತಪ್ಪಿ ತಲೆಮಾರುಗಳೇ ಕಳೆದಿದ್ದವು. 1990ರ ದಶಕದಲ್ಲಿ ಸಮುದಾಯದ ಕೆಲವರು ಸೇರಿ ಮತ್ತೆ ಅಂಥದೊಂದು ದೋಣಿ ಕಟ್ಟಿ ಕಡಲಿಗೆ ಇಳಿಸಿದರು. ಅದರ ಹೆಸರು ‘ಮೂಮತ್ ಅಹಿಕೊ’, ಕಡಲಿನ ಉಸಿರು. ಮಿಷನ್ನಿನ ವಹಿಗಳಿಗೂ ಹೊಸ ಉಪಯೋಗ ಬಂದಿದೆ. ಹಂಟಿಂಗ್ಟನ್ ಗ್ರಂಥಾಲಯ ಕ್ಯಾಲಿಫೋರ್ನಿಯಾದ ಮಿಷನ್‌ಗಳ ಒಂದು ಲಕ್ಷಕ್ಕೂ ಹೆಚ್ಚು ದೀಕ್ಷೆಯ ದಾಖಲೆಗಳನ್ನು ಕಂಪ್ಯೂಟರಿಗೆ ಇಳಿಸಿ 2006ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. 2020ರಲ್ಲಿ ಬೆಂಕಿಗೆ ಸಿಕ್ಕಿ ಚಾವಣಿ ಕಳೆದುಕೊಂಡಿದ್ದ ಸಾನ್ ಗೇಬ್ರಿಯಲ್ ಮಿಷನ್ನಿನ ವಸ್ತುಸಂಗ್ರಹಾಲಯ 2023ರಲ್ಲಿ ಮರಳಿ ತೆರೆದಾಗ, ಅಲ್ಲಿ ದೀಕ್ಷೆ ಪಡೆದ 7,000ಕ್ಕೂ ಹೆಚ್ಚು ಮೂಲನಿವಾಸಿಗಳ ಹೆಸರುಗಳನ್ನು ಗೋಡೆಯ ಮೇಲೆ ಬರೆಯಲಾಗಿತ್ತು. ಲೆಕ್ಕಕ್ಕಾಗಿ ಬರೆದಿಟ್ಟ ಪಟ್ಟಿ ಇನ್ನೂರು ವರ್ಷಗಳ ಮೇಲೆ ಸ್ಮಾರಕವಾಯಿತು.

ಗ್ರಂಥಾಲಯ ಯಾರ ಹೆಸರಿನಲ್ಲಿ?

ಇಲ್ಲಿ ಸ್ಮಾರಕ ಗ್ರಂಥಾಲಯದ ವಿಚಾರಕ್ಕೆ ಬರೋಣ. ದೊಡ್ಡ ದಾಖಲಾಗಾರಗಳು ಇರುವಾಗ, ಎಲ್ಲವೂ ಅಂತರಜಾಲಕ್ಕೆ ಬರುತ್ತಿರುವಾಗ, ಒಬ್ಬ ಹಿರಿಯರ ಹೆಸರಿನಲ್ಲಿ ಪುಟ್ಟ ಗ್ರಂಥಾಲಯ ಏಕೆ ಎಂಬ ಪ್ರಶ್ನೆ ಸಹಜ. ಟೊಂಗ್ವಾ ಜನರ ನೆರೆಯ ಸಮುದಾಯಗಳಲ್ಲಿ ಇದಕ್ಕೆ ಉತ್ತರವಿದೆ.

ಕವಿಯಾ ಬುಡಕಟ್ಟಿನ ರೂಪರ್ಟ್ ಕಾಸ್ಟೊ ಮತ್ತು ಅವರ ಪತ್ನಿ ಜೆನೆಟ್ 1964ರಲ್ಲಿ ಸಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕನ್ ಇಂಡಿಯನ್ ಇತಿಹಾಸ ಸಂಘವನ್ನು ಸ್ಥಾಪಿಸಿದರು. ಶಾಲಾ ಪಠ್ಯಗಳಲ್ಲಿ ತಮ್ಮ ಜನರ ಬಗ್ಗೆ ಬರೆದಿದ್ದ ಸುಳ್ಳುಗಳನ್ನು ತಿದ್ದಿಸುವುದು ಅವರ ಹೋರಾಟಗಳಲ್ಲೊಂದು. ಜೀವಮಾನವಿಡೀ ಕೂಡಿಟ್ಟ ಸಾವಿರಾರು ಪುಸ್ತಕ ಮತ್ತು ದಾಖಲೆಗಳನ್ನು ಅವರು ರಿವರ್‌ಸೈಡ್‌ನ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಕಾಸ್ಟೊ ಹೆಸರಿನ ಆ ಗ್ರಂಥಾಲಯ ಅಲ್ಲಿದೆ. ಮೊರೊಂಗೊ ಮೀಸಲು ನೆಲೆಯಲ್ಲಿ 1960ರ ದಶಕದಲ್ಲಿ ಜೇನ್ ಪೆನ್, ಕ್ಯಾಥರಿನ್ ಸಿವಾ ಸೊಬೆಲ್ ಮೊದಲಾದವರು ಮಾಲ್ಕಿ ವಸ್ತುಸಂಗ್ರಹಾಲಯ ಕಟ್ಟಿದರು; ಅದರೊಡನೆ ಪ್ರಕಾಶನವೂ ಬಂತು. ಟೊಂಗ್ವಾ ಜನರ ಬಗ್ಗೆ ವಿಲಿಯಂ ಮೆಕಾಲಿ ಬರೆದ, ಇಂದಿಗೂ ಆಧಾರಗ್ರಂಥವಾಗಿರುವ ಪುಸ್ತಕವನ್ನು 1996ರಲ್ಲಿ ಪ್ರಕಟಿಸಿದ್ದು ಈ ನೆರೆಮನೆಯವರೇ. ಸೆರಾನೊ ಭಾಷೆಯ ಹಿರಿಯಳು ಡೊರೊಥಿ ರಮೋನ್ ಭಾಷಾಶಾಸ್ತ್ರಜ್ಞ ಎರಿಕ್ ಎಲಿಯಟ್ ಜೊತೆ ವರ್ಷಗಟ್ಟಲೆ ಕುಳಿತು ತನಗೆ ಗೊತ್ತಿದ್ದುದನ್ನೆಲ್ಲ ಹೇಳಿ ಬರೆಸಿದಳು. ಆ ದೊಡ್ಡ ಪುಸ್ತಕ 2000ದಲ್ಲಿ ಮಾಲ್ಕಿಯಿಂದ ಹೊರಬಂತು; 2002ರಲ್ಲಿ ಆಕೆ ತೀರಿಕೊಂಡಳು. ಅದಾದ ಒಂದೆರಡು ವರ್ಷಗಳಲ್ಲೇ ಆಕೆಯ ಸಂಬಂಧಿ ಅರ್ನೆಸ್ಟ್ ಸಿವಾ ಬ್ಯಾನಿಂಗ್ ಪಟ್ಟಣದಲ್ಲಿ ಆಕೆಯ ಹೆಸರಿನ ಕಲಿಕಾ ಕೇಂದ್ರವನ್ನು ತೆರೆದರು.

ಹ್ಯಾರಿಂಗ್ಟನ್ ಪುಸ್ತಕದ ಮಟ್ಟಿಗೆ ಹೇಳಿದವರು ಮೂಲೆಯ ಒಂದು ಸಂಕೇತಾಕ್ಷರ. ಇಲ್ಲಿ ಹೇಳಿದವಳ ಹೆಸರೇ ಮುಖಪುಟದಲ್ಲಿದೆ, ಆಕೆಯ ಹೆಸರೇ ಬಾಗಿಲ ಮೇಲಿದೆ. ಇದು ಗೌರವದ ಪ್ರಶ್ನೆಯಷ್ಟೇ ಅಲ್ಲ, ಒಡೆತನದ ಪ್ರಶ್ನೆ. ದೊಡ್ಡ ದಾಖಲಾಗಾರದ ಮೆಟ್ಟಿಲು ಹತ್ತಲು ಸಾಮಾನ್ಯನಿಗೆ ಅಳುಕು. ಸ್ವಂತ ಹಿರಿಯಳ ಹೆಸರಿನ ಬಾಗಿಲನ್ನು ತಳ್ಳಿ ಒಳಗೆ ಹೋಗಲು ಮಗುವಿಗೂ ಅಳುಕಿಲ್ಲ. ಯಾವುದನ್ನು ಎಲ್ಲರಿಗೂ ತೋರಿಸಬಹುದು, ಯಾವ ಹಾಡು ಯಾವ ಋತುವಿನಲ್ಲಿ ಮಾತ್ರ ಕೇಳಬೇಕಾದದ್ದು ಎಂಬುದನ್ನು ಸಮುದಾಯ ನಿರ್ಧರಿಸಬಹುದು. ಮೂಲನಿವಾಸಿ ದಾಖಲೆಗಳನ್ನು ಹೇಗೆ ನೋಡಿಕೊಳ್ಳಬೇಕೆಂಬ ಬಗ್ಗೆ 2006ರಲ್ಲಿ ಒಂದು ನಿಯಮಾವಳಿ ರೂಪುಗೊಂಡಾಗ ಅಮೆರಿಕದ ದಾಖಲಾಗಾರ ತಜ್ಞರಲ್ಲಿ ಹಲವರು ಜ್ಞಾನಕ್ಕೆ ಬೇಲಿ ಹಾಕಬಾರದೆಂದು ವಿರೋಧಿಸಿದ್ದರು. ಅವರ ರಾಷ್ಟ್ರೀಯ ಸಂಘ ಅದನ್ನು ಅನುಮೋದಿಸಿದ್ದು 2018ರಲ್ಲಿ. ವಿರೋಧಿಸಿದವರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಮುಚ್ಚಿಟ್ಟ ಜ್ಞಾನದ ಅಪಾಯವನ್ನು ಮೇಲೆ ನೋಡಿದೆವು. ಆದರೆ ಮನೆಯವರೇ ಬಾಗಿಲು ಮುಂದೆಮಾಡುವುದಕ್ಕೂ, ಹೊರಗಿನವನು ಬೀಗ ಜಡಿದು ಕೀಲಿಯನ್ನು ಒಯ್ಯುವುದಕ್ಕೂ ವ್ಯತ್ಯಾಸವಿದೆ.

ಸಣ್ಣ ಸಂಸ್ಥೆಗಳ ದೌರ್ಬಲ್ಯವನ್ನೂ ಹೇಳಬೇಕು. ಅವು ಒಬ್ಬಿಬ್ಬರ ಉತ್ಸಾಹದ ಮೇಲೆ ನಿಂತಿರುತ್ತವೆ. ಹಣ ಇಂದಿದ್ದರೆ ನಾಳೆ ಇಲ್ಲ. 2022ರಲ್ಲಿ ಆಲ್ಟಡೀನಾ ಎಂಬಲ್ಲಿ ಖಾಸಗಿ ಒಡೆಯರೊಬ್ಬರು ಒಂದು ಎಕರೆ ಜಮೀನನ್ನು ಟೊಂಗ್ವಾ ಜನರ ಸಂಸ್ಥೆಗೆ ಮರಳಿಸಿದರು. ಸುಮಾರು ಇನ್ನೂರು ವರ್ಷಗಳಲ್ಲಿ ಆ ಜಿಲ್ಲೆಯಲ್ಲಿ ಅವರಿಗೆ ಸಮುದಾಯವಾಗಿ ದಕ್ಕಿದ ಮೊದಲ ನೆಲ ಅದು. ಮೂರು ವರ್ಷ ತುಂಬುವುದರೊಳಗೆ, 2025ರ ಜನವರಿಯಲ್ಲಿ, ಕಾಳ್ಗಿಚ್ಚು ಆಲ್ಟಡೀನಾವನ್ನು ಸುಟ್ಟಿತು. ಆ ಎಕರೆಯೂ ಬೆಂಕಿಯ ಹಾದಿಯಲ್ಲಿತ್ತು. ಅದೇ ಊರಿನಲ್ಲಿದ್ದ ಥಿಯಸಾಫಿಕಲ್ ಸೊಸೈಟಿಯ ಗ್ರಂಥಾಲಯವೂ ಭಸ್ಮವಾಯಿತು. ಹಾಗಾಗಿ ದೊಡ್ಡ ಸಂಸ್ಥೆಗಳೂ ಬೇಕು, ಪ್ರತಿಗಳೂ ಬೇಕು. ಭದ್ರವಾದ ಪ್ರತಿಯೊಂದು ದೂರದ ನಗರದಲ್ಲಿರಲಿ. ಕೈಗೆ ಸಿಗುವ ಪ್ರತಿಯೊಂದು ಊರಿನಲ್ಲಿರಲಿ. ಕಳೆದ ಕೆಲವು ವರ್ಷಗಳಲ್ಲಿ ಬಾರ್ಬರಾ ಡ್ರೇಕ್, ಜೂಲಿಯಾ ಬೋಗನಿಯವರಂಥ ಟೊಂಗ್ವಾ ಹಿರಿಯರು ತೀರಿಕೊಂಡಿದ್ದಾರೆ. ಒಬ್ಬರು ಸ್ಥಳೀಯ ಗಿಡ ಮತ್ತು ಆಹಾರಗಳ ಅರಿವನ್ನು, ಇನ್ನೊಬ್ಬರು ಭಾಷೆ ಮತ್ತು ಕತೆಗಳನ್ನು ದಶಕಗಳ ಕಾಲ ಕ್ಲೇರ್ಮಾಂಟ್ ಸುತ್ತಿನ ಮಕ್ಕಳಿಗೆ, ವಿದ್ಯಾರ್ಥಿಗಳಿಗೆ ಹಂಚಿದವರು. ಇಂಥವರ ಮನೆಯ ಕಪಾಟಿನ ಪುಸ್ತಕ, ಪತ್ರ, ಧ್ವನಿಸುರುಳಿಗಳಿಗೆ ಜಾಗ ಸಿಗದಿದ್ದರೆ ಅವು ಹೋಗುವುದು ರದ್ದಿಗೆ.

ನಮ್ಮ ವಿಷಯಕ್ಕೆ ಹೆಚ್ಚು ಹೋಗುವುದಿಲ್ಲ. ಎರಡು ಮಾತು ಸಾಕು. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಹಕ್ಕು ಕೋರುವವರಲ್ಲದ ಇತರ ಹಿರಿಯರ ಹೇಳಿಕೆಯನ್ನು ಬರಹಕ್ಕೆ ಇಳಿಸಿದರೆ ಅದನ್ನೂ ಪುರಾವೆಯಾಗಿ ಒಪ್ಪುತ್ತವೆ. ಅಂದು ನನ್ನ ಕಚೇರಿಯ ಬಾಗಿಲಲ್ಲಿ ನಿಂತಿದ್ದ ಮುದುಕರಿಗೆ ಅದು ತಡವಾಗಿ ಬಂದ ನ್ಯಾಯ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆತದ್ದು ಈ ಕಾನೂನಿನಡಿಯಲ್ಲೇ. ಆದರೆ ಹೇಳಬಲ್ಲ ಹಿರಿಯರು ಇರುವಾಗಲೇ ಬರೆದುಕೊಳ್ಳಬೇಕು, ಬರೆದದ್ದು ಅವರ ಹಾಡಿಯಲ್ಲೇ ಒಂದು ಪ್ರತಿ ಉಳಿಯಬೇಕು. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕಟ್ಟುವ ರಾಜ್ಯ ನಮ್ಮದು. ಕೊರಗರ, ಜೇನುಕುರುಬರ, ಸೋಲಿಗರ ನೆಲೆಗಳಲ್ಲಿ ಅವರದೇ ಹಿರಿಯರ ಹೆಸರಿನ ಒಂದೊಂದು ಕೋಣೆಯನ್ನು ಆ ಕರದಿಂದ ಕಟ್ಟಲಾಗದಷ್ಟು ಬಡವರಲ್ಲ ನಾವು.

ಕಳೆದ ಸಲ ಅಲ್ಲಿಗೆ ಹೋದಾಗ ಪಶ್ಚಿಮ ಲಾಸ್ ಏಂಜಲೀಸಿನ ಒಂದು ಪ್ರೌಢಶಾಲೆಯ ಆವರಣದೊಳಗಿನ ಕುರುವುಂಗ್ನಾ ಬುಗ್ಗೆಗಳನ್ನು ನೋಡಿದೆ. ನಾವು ಬಿಸಿಲಿನಲ್ಲಿರುವ ಜಾಗ ಎಂದು ಆ ಹೆಸರಿಗೆ ಅರ್ಥ ಹೇಳುತ್ತಾರೆ. ಸುತ್ತ ಶಾಲೆಯ ಕಟ್ಟಡ, ಆಚೆ ವಾಹನಗಳ ಸದ್ದು. ನಡುವೆ ತಿಳಿನೀರು ತನ್ನ ಪಾಡಿಗೆ ಉಕ್ಕುತ್ತಿತ್ತು. ಪಕ್ಕದಲ್ಲೇ ಸಮುದಾಯದವರೂ ಅವರ ಗೆಳೆಯರೂ ಸೇರಿ ನಡೆಸುವ ಒಂದು ಪುಟ್ಟ ಸಂಗ್ರಹಾಲಯ. ಮೊಮ್ಮಗಳು ಫಲಕದ ಮೇಲಿನ ಹೆಸರನ್ನು ನಿಧಾನವಾಗಿ ಕೂಡಿಸಿ ಓದಿದಳು. ‘ಆ ಕೊನೆಯ ಅಕ್ಷರಕ್ಕೆ ನಮ್ಮ ಅಲ್ಲಿ ಎಂದೇ ಅರ್ಥ’ ಎಂದೆ. ಅವಳು ನೀರನ್ನು ನೋಡುತ್ತ, ‘ಹಾಗಾದರೆ ಅವರು ಈಗ ಎಲ್ಲಿ, ತಾತ?’ ಎಂದು ಕೇಳಿದಳು. ಆ ಸಂಗ್ರಹಾಲಯದ ಬಾಗಿಲು ಅಂದು ತೆರೆದಿತ್ತು. ‘ಇಲ್ಲೇ ಇದ್ದಾರೆ, ಬಾ’ ಎಂದು ಕರೆದುಕೊಂಡು ಒಳಗೆ ಹೋದೆ.